ಡೆಕ್ಕಿನ ಮೇಲಿನ ಕಪ್ಪು ಕಲೆ

ಕರಾವಳಿಯಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಛಾಯಾಚಿತ್ರವನ್ನು ಕಳಿಸಿದ್ದ. ಅವನ ಸ್ನೇಹಿತರ ಹಳೆಯ ಹಾಯಿದೋಣಿಯ ಡೆಕ್ಕು ಅದು. ಸಾಗವಾನಿ ಹಲಗೆಗಳ ಮೇಲೆ ಒಂದೊಂದು ಕಬ್ಬಿಣದ ಮೊಳೆಯ ಸುತ್ತಲೂ ಕಾಡಿಗೆ ಹರಿದಂತೆ ಕಪ್ಪು ಕಲೆಗಳು. “ಗುರುಗಳೇ, ಸಾಬೂನು ಆಯಿತು, ಬ್ರಷ್ಷು ಆಯಿತು, ಮರಳುಕಾಗದವೂ ಆಯಿತು. ಹೋದಂತೆ ಮಾಡಿ ಮತ್ತೆ ಬರುತ್ತವೆ. ಹಿಂದಿನವರು ಇವನ್ನು ಹೇಗೆ ತೆಗೆಯುತ್ತಿದ್ದರು?” ಎಂದು ಕೇಳಿದ್ದ.

ನನಗೆ ನಗು ಬಂತು. ಯಾದಗಿರಿ ಸೀಮೆಯ ಕಡೇಚೂರಿನಲ್ಲಿ ಕುಳಿತ ನನಗೆ ಸಮುದ್ರದ ಸುದ್ದಿ ಎಷ್ಟು ಗೊತ್ತು? ನಾವು ಬಲ್ಲ ದೊಡ್ಡ ನೀರೆಂದರೆ ಕೃಷ್ಣೆ ಮತ್ತು ಭೀಮೆ. ಬಲ್ಲ ನಾವೆಯೆಂದರೆ ಹರಿಗೋಲು. ಬಿದಿರಿನ ಬುಟ್ಟಿ, ಹೊರಗೆ ತೊಗಲಿನ ಹೊದಿಕೆ. ಅದಕ್ಕೆ ಹಾಯಿಯೂ ಇಲ್ಲ, ಡೆಕ್ಕೂ ಇಲ್ಲ. ಆದರೂ ಶಿಷ್ಯನ ಪ್ರಶ್ನೆಗೆ ಉತ್ತರ ಹುಡುಕದೆ ಬಿಡುವುದು ಮೇಷ್ಟ್ರ ಜಾಯಮಾನವಲ್ಲವಷ್ಟೆ. ಹುಡುಕುತ್ತ ಹೋದಾಗ ಉತ್ತರದ ಅರ್ಧ ಭಾಗ ನಮ್ಮ ಎರೆಹೊಲದಲ್ಲಿಯೇ ಇತ್ತು.

ಮೊದಲು ಚರಿತ್ರೆ. ಅರಬ್ಬೀ ಸಮುದ್ರದ ಹಳೆಯ ಹಡಗುಗಳಲ್ಲಿ ಬಹಳಷ್ಟಕ್ಕೆ ಮೊಳೆಗಳೇ ಇರಲಿಲ್ಲ. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಒಂದಕ್ಕೊಂದನ್ನು ಹೊಲಿಯುತ್ತಿದ್ದರು. ಹದಿಮೂರನೆಯ ಶತಮಾನದಲ್ಲಿ ಹೊರ್ಮುಜ್ ಬಂದರಿನಲ್ಲಿ ಇಂಥ ಹಡಗುಗಳನ್ನು ಕಂಡ ಮಾರ್ಕೊ ಪೋಲೊ, ಇವುಗಳಲ್ಲಿ ಪ್ರಯಾಣ ಮಾಡುವುದೇ ಅಪಾಯವೆಂದು ಬರೆದ. ಮರ ಗಡುಸಾದ್ದರಿಂದ ಮೊಳೆ ಬಡಿದರೆ ಸೀಳುತ್ತದೆ ಎಂಬುದು ಅವನು ಕೊಟ್ಟ ಕಾರಣ. ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಬೇರೊಂದು ಕಾರಣ ಹೇಳುತ್ತದೆ: ಸಮುದ್ರದ ನಾವೆಗೆ ಕಬ್ಬಿಣದ ಬಂಧ ಕೂಡದು, ಅಯಸ್ಕಾಂತದ ಬಂಡೆಗಳು ಅದನ್ನು ಸೆಳೆದುಬಿಡುತ್ತವೆ.

ಅಯಸ್ಕಾಂತದ ಬಂಡೆ ಹಡಗನ್ನು ಸೆಳೆಯುತ್ತದೆಂಬ ಮಾತನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಉಪ್ಪುನೀರು, ಮರ, ಕಬ್ಬಿಣ ಈ ಮೂರೂ ಒಂದೆಡೆ ಸೇರಿದರೆ ಕೇಡು ತಪ್ಪಿದ್ದಲ್ಲ ಎಂಬುದು ನಿಜ. ಮೊಳೆ ತುಕ್ಕು ಹಿಡಿಯುತ್ತದೆ. ಮರದಲ್ಲಿರುವ ಒಗರು, ಎಂದರೆ ಟ್ಯಾನಿನ್, ಆ ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ಕ್ರಮೇಣ ಮೊಳೆಯ ಸುತ್ತಲಿನ ಮರವೇ ಮೆತ್ತಗಾಗಿ, ಮೊಳೆ ಸಡಿಲುತ್ತದೆ. ಹೊಲಿದ ಹಡಗಿನಲ್ಲಿ ಹುರಿ ಸವೆಯುತ್ತಿತ್ತು, ಅದನ್ನು ಆಗಾಗ್ಗೆ ಬದಲಿಸಬೇಕಾಗುತ್ತಿತ್ತು. ಆದರೆ ಈ ಕಪ್ಪು ರೋಗಕ್ಕೆ ಅಲ್ಲಿ ಎಡೆಯಿರಲಿಲ್ಲ.

ಬಳಿಕ ಪೋರ್ಚುಗೀಸರ ಮೊಳೆಯ ಹಡಗುಗಳು ನಮ್ಮ ಕಡಲಿಗೆ ಬಂದವು. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಯಿಂದ ಮರಳುವಾಗ, ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿ, ಹಡಗುಗಳನ್ನು ದಡಕ್ಕೆ ಎಳೆಸಿ, ತಳವನ್ನು ಕೆರೆಸಿ ಶುಚಿಮಾಡಿಸಿದ. ನಮ್ಮ ನಾಡಿನ ಅಂಚಿನಲ್ಲಿ ನಡೆದ ಹಡಗು ತೊಳೆಯುವ ಕೆಲಸಗಳಲ್ಲಿ ಚರಿತ್ರೆಗೆ ಸೇರಿದ್ದು ಅದೊಂದು.

ಡೆಕ್ಕು ತೊಳೆಯುವುದನ್ನು ಒಂದು ವ್ರತದಂತೆ ಮಾಡಿದವರು ಬ್ರಿಟಿಷ್ ನಾವಿಕರು. ಮುಂಜಾನೆಯೇ ಡೆಕ್ಕಿಗೆ ಸಮುದ್ರದ ನೀರು ಹೊಯ್ದು, ಮರಳು ಎರಚಿ, ಮೆತ್ತನೆಯ ಮರಳುಗಲ್ಲಿನಿಂದ ಮೊಣಕಾಲೂರಿ ಉಜ್ಜುತ್ತಿದ್ದರು. ಪ್ರಾರ್ಥನೆಗೆ ಕುಳಿತ ಭಂಗಿಯಾದ್ದರಿಂದ ಆ ಕಲ್ಲಿಗೆ ‘ಹೋಲಿಸ್ಟೋನ್’, ಪವಿತ್ರ ಶಿಲೆ, ಎಂಬ ಹೆಸರು ಬಂತೆನ್ನುತ್ತಾರೆ. ಉಪ್ಪುನೀರಿನಿಂದ ಹಲಗೆಗಳು ಉಬ್ಬಿ ಸಂದುಗಳು ಬಿಗಿಯಾಗುತ್ತಿದ್ದವು, ಬೂಸಲು ಹಿಡಿಯುತ್ತಿರಲಿಲ್ಲ. ಅದು ಜಾಣತನವೇ. ಆದರೆ ಕಲ್ಲು ಕೊಳೆಯ ಜೊತೆಗೆ ಮರವನ್ನೂ ತೆಗೆಯುತ್ತಿತ್ತು. ಹಡಗಿನ ಮೈ ತೆಳುವಾಗುವ ವೇಗ, ಅದನ್ನು ಸರಿಪಡಿಸುವ ಖರ್ಚು ಎರಡನ್ನೂ ಕಂಡು ಅಮೆರಿಕದ ನೌಕಾಪಡೆ 1931ರಲ್ಲಿ ಈ ಪದ್ಧತಿಯನ್ನು ನಿಲ್ಲಿಸಲು ಆದೇಶಿಸಿತು. ಅಭ್ಯಾಸಬಲ ನೋಡಿ, ಆಮೇಲೂ ಅದು ಪೂರ್ತಿಯಾಗಿ ಹೋಗಲಿಲ್ಲ.

ಸಾಗವಾನಿಯ ಮಾತನ್ನೂ ಇಲ್ಲಿ ಹೇಳಬೇಕು. ಓಕ್ ಮರದ ಹುಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಸಾಗವಾನಿಯ ಎಣ್ಣೆಯಂಶ ಅಷ್ಟು ಬೇಗ ತಿನ್ನಗೊಡುವುದಿಲ್ಲ. ಆದ್ದರಿಂದಲೇ ಮುಂಬಯಿಯಲ್ಲಿ ಪಾರ್ಸಿ ವಾಡಿಯಾ ಮನೆತನದವರು ಕಟ್ಟಿದ ಸಾಗವಾನಿ ಹಡಗುಗಳಿಗೆ ಅಷ್ಟೊಂದು ಬೆಲೆ. 1817ರಲ್ಲಿ ಅಲ್ಲಿ ನೀರಿಗಿಳಿದ ‘ಟ್ರಿಂಕೋಮಲೀ’ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇನ್ನೂ ತೇಲುತ್ತಿದೆ. ಆದರೂ ಸಾಗವಾನಿಗೆ ಕಲೆಯೇ ಆಗದು ಎಂದಲ್ಲ. ನನ್ನ ಶಿಷ್ಯನ ಚಿತ್ರವೇ ಅದಕ್ಕೆ ಸಾಕ್ಷಿ.

ಇನ್ನು ಉಪಾಯ. ಡೆಕ್ಕಿನ ಎಲ್ಲ ಕಲೆಗಳೂ ಒಂದೇ ಜಾತಿಯವಲ್ಲ. ಬಿಸಿಲಿಗೆ ಸಾಗವಾನಿ ಬೂದುಬಣ್ಣಕ್ಕೆ ತಿರುಗುವುದು ಕಲೆಯೇ ಅಲ್ಲ, ಅದು ವಯಸ್ಸು. ಎಣ್ಣೆ, ಜಿಡ್ಡುಗಳಿಗೆ ಸಾಬೂನಿನ ನೀರು ಸಾಕು. ಕಬ್ಬಿಣದ ಕಪ್ಪಿಗೆ ಮಾತ್ರ ಸಾಬೂನು ನಾಟದು, ಅದಕ್ಕೆ ಹುಳಿಯೇ ಬೇಕು. ದೋಣಿಯವರು ಇಂದು ಬಳಸುವುದು ಆಕ್ಸಾಲಿಕ್ ಆಮ್ಲ. ಅದು ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡುತ್ತದೆ, ಕಪ್ಪು ತಾನಾಗಿ ಬಿಡುತ್ತದೆ.

ಈ ಹೆಸರು ಓದಿದಾಗ ನನಗೆ ನೆನಪಾದದ್ದು ನಮ್ಮ ಕಡಲೆಹೊಲ. ಚಳಿಗಾಲದ ಬೆಳಗಿನಲ್ಲಿ, ಬಿಸಿಲೇರುವ ಮುನ್ನ, ಬಿಳಿಯ ಬಟ್ಟೆಯನ್ನು ಕಡಲೆಗಿಡಗಳ ಮೇಲೆ ಹಾಸಿ, ಇಬ್ಬನಿಯೊಡನೆ ಅದು ಹೀರಿದ ಹುಳಿಯನ್ನು ಹಿಂಡಿ ಶೇಖರಿಸುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ಕಂಡಿರುತ್ತೀರಿ. ಹೊಟ್ಟೆನೋವಿಗೆ ನಮ್ಮ ಅಜ್ಜಿಯರ ಔಷಧಿ ಅದು. ಆ ಹೊಲದಲ್ಲಿ ಅಡ್ಡಾಡಿದರೆ ಚಪ್ಪಲಿಯ ತೊಗಲು ಕೆಡುತ್ತಿತ್ತು. ಕಡಲೆಹುಳಿಯಲ್ಲಿರುವುದು ಮ್ಯಾಲಿಕ್ ಆಮ್ಲ ಮತ್ತು ಇದೇ ಆಕ್ಸಾಲಿಕ್ ಆಮ್ಲ! ಹಾಗೆಂದು ಅಂಗಡಿಯ ಆಮ್ಲವನ್ನು ಕಡಲೆಹುಳಿಯಂತೆ ಭಾವಿಸಬಾರದು. ಅದು ವಿಷ, ಕೈಗೆ ಗವಸು ಬೇಕು, ಕಣ್ಣಿಗೆ ಕನ್ನಡಕ ಬೇಕು, ಮಕ್ಕಳ ಕೈಗೆ ಎಟುಕಬಾರದು. ನೀರಿನಲ್ಲಿ ಕರಗಿಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಧಾರಾಳವಾಗಿ ಸಿಹಿನೀರಿನಿಂದ ತೊಳೆಯಬೇಕು. ಉಜ್ಜುವುದಾದರೆ ಮೃದುವಾದ ಬ್ರಷ್ಷಿನಿಂದ, ಮರದ ಎಳೆಗೆ ಅಡ್ಡಲಾಗಿ. ಎಲ್ಲಕ್ಕಿಂತ ಮುಖ್ಯವಾಗಿ, ತುಕ್ಕು ಹಿಡಿದ ಮೊಳೆಯನ್ನು ಕಿತ್ತು ಕಂಚಿನದೋ ತುಕ್ಕು ಹಿಡಿಯದ ಉಕ್ಕಿನದೋ ಹಾಕಬೇಕು. ಮೊಳೆ ಒಳಗಿರುವವರೆಗೆ ಕಲೆ ಬರುತ್ತಲೇ ಇರುತ್ತದೆ.

ಶಿಷ್ಯನಿಗೆ ಇಷ್ಟನ್ನು ಬರೆದು ಕಳಿಸಿದೆ. ಆದರೆ ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗಿ ಮನಸ್ಸು ಕಹಿಯಾಯಿತು. ಅಳಲೆಕಾಯಿಯ ಒಗರಿಗೆ ಅನ್ನಭೇದಿ ಬೆರೆಸಿದರೆ ಕಪ್ಪು ಮಸಿಯಾಗುತ್ತದೆ. ಅನ್ನಭೇದಿಯೆಂದರೆ ಕಬ್ಬಿಣದ ಲವಣ. ಆದ್ದರಿಂದ ಡೆಕ್ಕಿನ ಕಲೆ ಮತ್ತು ಆ ಮಸಿ ಒಂದೇ ವಸ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗ ಇಂಥ ಮಸಿ ಚೆಲ್ಲಿಕೊಂಡ ಅಂಗಿಯಲ್ಲಿ ತರಗತಿಗೆ ಬಂದಿದ್ದ. ನಾನು ಗದರಿಸಿ, ಕಲ್ಲಿಗೆ ಉಜ್ಜಿ ತೊಳೆದುಕೊಂಡು ಬಾ ಎಂದು ಹೊರಗೆ ಕಳಿಸಿದೆ. ಅವನು ಹೇಳಿದಂತೆಯೇ ಮಾಡಿದ. ಕಲೆ ಹೋಗಲಿಲ್ಲ, ಅಂಗಿ ಹರಿಯಿತು. ಅವನಿಗೆ ಇದ್ದದ್ದು ಅದೊಂದೇ ಅಂಗಿ ಎಂಬುದು ನನಗೆ ತಿಳಿದದ್ದು ಮರುದಿನ ಅವನು ಬಾರದಿದ್ದಾಗ. ಒಂದು ನಿಂಬೆಹಣ್ಣು, ಚಿಟಿಕೆ ಉಪ್ಪಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಅದು.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹೊಲಿದ ಹಡಗು ನೌಕಾಪಡೆಗೆ ಸೇರಿತು. ಅಜಂತದ ಚಿತ್ರವೊಂದನ್ನು ನೋಡಿ, ತೆಂಗಿನ ನಾರು ಮತ್ತು ರಾಳಗಳಿಂದ ಹಳೆಯ ಕ್ರಮದಲ್ಲಿಯೇ ಕಟ್ಟಿದ್ದು. ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ. ಆ ಚಿತ್ರ ನೋಡುತ್ತ, ಇದರ ಹೊಲಿಗೆಯ ಬಳಿ ಕಪ್ಪು ಕಲೆ ಇರಲಾರದು ಎಂದುಕೊಂಡೆ. ಆ ಹುಡುಗ ಇಂದು ಎಲ್ಲಿದ್ದಾನೋ. ಅವನು ಇದನ್ನು ಓದುವಂತಾದರೆ, ಅವನ ಮೇಷ್ಟ್ರು ತಡವಾಗಿಯಾದರೂ ಪಾಠ ಕಲಿತಿದ್ದಾರೆ ಎಂದು ತಿಳಿಯಲಿ.