ಪಹಣಿಯ ಪರೀಕ್ಷೆ

ಸರಗೂರಿನ ಸೀಮೆಯ ಒಕ್ಕಲಿಗೆ ತನ್ನ ಹೊಲ ತನ್ನದೆಂದು ಕಚೇರಿಯಲ್ಲಿ ತೋರಿಸಲು ಬೇಕಾದ ಪಹಣಿಯು ಬಹುಕಾಲ ಶಾನುಭೋಗರ ಕಡತದಲ್ಲಿಯೂ, 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದ ತರುವಾಯ ಗ್ರಾಮಲೆಕ್ಕಿಗರ ವಶದಲ್ಲಿಯೂ, ಕೈಬರಹದ ರೂಪದಲ್ಲಿಯೇ ಉಳಿದಿತ್ತು. ಪ್ರತಿ ಬೇಕಾದವನು ಲೆಕ್ಕಿಗರನ್ನು ಅರಸಿ ಅಲೆಯಬೇಕು. ಒಂದಂಕೆಯನ್ನು ಯಾರಾದರೂ ತಿದ್ದಿದರೆ ಕಂಡುಹಿಡಿಯುವುದು ದುಸ್ತರ.

ಈ ಪಹಣಿ ಗಣಕಕ್ಕೇರುವ ಮೊದಲೇ ನಾಡಿನ ತಂತ್ರಾಂಶವು ಬೇರೊಂದು ಪರೀಕ್ಷೆಯನ್ನು ಗೆದ್ದಿತ್ತು: ಬೆಂಗಳೂರಿನ ಮೊಟೊರೊಲಾ ಘಟಕವು ತಂತ್ರಾಂಶ ನಿರ್ಮಾಣದ ಪ್ರೌಢಿಮೆಯಲ್ಲಿ ಅತ್ಯುನ್ನತವಾದ ಐದನೆಯ ಹಂತವನ್ನು ಮುಟ್ಟಿದ್ದು 1993ರಲ್ಲಿ. ಆ ಪರೀಕ್ಷೆ ಎಂಜಿನಿಯರುಗಳು ಎಂಜಿನಿಯರುಗಳಿಗೆ ಒಡ್ಡಿದ್ದು. ಅದಕ್ಕಿಂತ ಕಠಿನವಾದುದು ಕೆಲವೇ ವರ್ಷಗಳಲ್ಲಿ ತಾಲ್ಲೂಕು ಕಚೇರಿಗಳಲ್ಲಿ ನಡೆಯಿತು: ರಾಜ್ಯ ಸರಕಾರದ ‘ಭೂಮಿ’ ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿದಾಗ, ಅಂದು ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನ ಪಹಣಿಗಳೂ ಅವುಗಳಲ್ಲಿದ್ದುವು.

ಗುಣವೆಂಬುದನ್ನು ಇಲ್ಲಿ ನಿಯಮವಾಗಿ ಬರೆದಿಟ್ಟರು. ಬೆರಳ ಗುರುತು ಒತ್ತದೆ ಅಧಿಕಾರಿಗೆ ಪ್ರವೇಶವಿಲ್ಲ. ತಿದ್ದಿದವನಾರೆಂಬುದು ದಾಖಲಾಗದೆ ತಿದ್ದುಪಡಿಯಿಲ್ಲ. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದುದೇ ಮೊದಲು. ಬೇಕಾದವರ ಕಾಗದವನ್ನು ಮೇಲಕ್ಕೆತ್ತಿಡುವ ಹಳೆಯ ಕೈಚಳಕವು, ಯಾವ ಮೇಲಧಿಕಾರಿಯ ಗದರಿಕೆಯೂ ಇಲ್ಲದೆ, ತಂತ್ರಾಂಶದ ಮುಂದೆ ಸೋತಿತು. ಪಹಣಿಯ ಪ್ರತಿ 15 ರೂಪಾಯಿಗೆ ಕಿಟಕಿಯಲ್ಲಿ ದೊರೆಯತೊಡಗಿತು.

ಆದರೆ ಯಂತ್ರ ಬಲ್ಲುದೆಷ್ಟು? ಮೂರು ಎಕರೆಯ ಒಂದು ಸರ್ವೆ ನಂಬರಿನಲ್ಲಿ ಇಬ್ಬರು ಖಾತೆದಾರರಿಗೆ ತಲಾ ಒಂದು ಎಕರೆ ಇಪ್ಪತ್ತು ಗುಂಟೆಯೆಂದಿರಬೇಕಾದಲ್ಲಿ ಒಬ್ಬನಿಗೆ ಮೂವತ್ತು ಗುಂಟೆ ಬಿದ್ದರೆ, ನಲವತ್ತು ಗುಂಟೆಗೊಂದು ಎಕರೆಯ ಲೆಕ್ಕ ಹಿಡಿದು ಕೂಡಿದೊಡನೆ ತಪ್ಪು ಸಿಕ್ಕಿಬೀಳುವುದು. ಆದರೆ ಸಿದ್ದಯ್ಯನೆಂಬ ಖಾತೆದಾರನ ಜಾಗದಲ್ಲಿ ಅವನ ದಾಯಾದಿಯ ಹೆಸರು ಕುಳಿತರೆ ಕೂಡುವ ಲೆಕ್ಕವೆಲ್ಲ ಸರಿ, ಹೊಲವೊಂದು ಮಾತ್ರ ಪರರದು. ಇದನ್ನರಿಯಬಲ್ಲವನು ಆ ಊರಿನ ಗದ್ದೆಬಯಲು ತುಳಿದ ಗ್ರಾಮಲೆಕ್ಕಿಗನೇ. ಆದುದರಿಂದಲೇ ಅಚ್ಚಾದ ಹಾಳೆಗಳು ಮರಳಿ ಅವನ ಕೈಸೇರಿ, ಮೂಲದೊಡನೆ ತಾಳೆಯಾಗಿ, ತಿದ್ದಿಸಿಕೊಂಡ ಬಳಿಕವಷ್ಟೆ ಅಧಿಕೃತವೆನಿಸಿದುವು; ಕೈಬರಹದ ಪಹಣಿ ಅಂದಿಗೆ ಅಮಾನ್ಯವಾಯಿತು.

ತಂತ್ರಾಂಶ ಬರೆದವರೂ, ಬೆರಳಚ್ಚು ಮಾಡಿದವರೂ, ಲೆಕ್ಕಿಗರೂ, ತಹಶೀಲ್ದಾರರೂ ಒಂದೇ ಹಾಳೆಯ ಮೇಲೆ ದುಡಿದುದು ಆಗ. ಅವರು ಒಮ್ಮತದಿಂದ ನುಡಿದ ನಿಯಮವನ್ನು ಯಂತ್ರವು ದಣಿಯದೆ ಕಾಯ್ದಿತು. ಅವರು ಸರಿಯಾಗಿ ನೋಡದ ಸಾಲನ್ನೂ ಅಷ್ಟೇ ನಿಷ್ಠೆಯಿಂದ ಕಾಯ್ದಿತು. ಪಹಣಿ ತಿದ್ದುಪಡಿಗೆಂದು ಮುಂದೆ ಕಂದಾಯ ಅದಾಲತ್ತುಗಳನ್ನೇ ನಡೆಸಬೇಕಾಗಿ ಬಂದುದು ಈ ಎರಡನೆಯ ನಿಷ್ಠೆಯ ಫಲ.