ಪುಷ್ಪಕ್‌ನಿಂದ ಕೃಷಕ್: ಗಿಡ್ಡ ಓಡುದಾರಿಯ ಲೆಕ್ಕ

ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ‘ಪುಷ್ಪಕ್’ ವಿಮಾನ 1958ರಲ್ಲಿ ಮೊದಲು ಹಾರಿತು. ಎರಡು ಆಸನ, 90 ಅಶ್ವಶಕ್ತಿಯ ಎಂಜಿನ್. ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಹಾರಾಟ ಕಲಿಸಲು ಇಷ್ಟು ಸಾಕಿತ್ತು. ಫಿರಂಗಿಗಳ ಗುರಿಯನ್ನು ಮೇಲಿಂದ ನೋಡಿ ಹೇಳುವ ಸೇನಾ ಕೆಲಸಕ್ಕೆ ಸಾಲದು. ಅದೇ ವಿನ್ಯಾಸವನ್ನು ಹಿಗ್ಗಿಸಿ, 225 ಅಶ್ವಶಕ್ತಿಯ ಎಂಜಿನ್ ಕೂರಿಸಿದಾಗ ಹುಟ್ಟಿದ್ದು ಸೇನೆಯ ‘ಕೃಷಕ್’. 1965ರಿಂದ ಅದು ಸೇವೆಯಲ್ಲಿತ್ತು.

ಹೆಚ್ಚಿನ ಶಕ್ತಿಯ ಬೆಲೆ ಗುಂಡ್ಲುಪೇಟೆಯ ಬಯಲಲ್ಲಿ ನಿಂತರೆ ತಿಳಿಯುತ್ತದೆ. ಈ ನೆಲ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. 30 ಡಿಗ್ರಿ ಬಿಸಿಲಿನಲ್ಲಿ ವಿಮಾನಕ್ಕೆ ಇದು 1,500 ಮೀಟರ್ ಎತ್ತರವಿದ್ದಂತೆಯೇ. ಗಾಳಿ ಸಮುದ್ರಮಟ್ಟದಲ್ಲಿರುವುದಕ್ಕಿಂತ ಸುಮಾರು ಶೇ 14ರಷ್ಟು ತೆಳುವಾಗಿ ರೆಕ್ಕೆ, ಪ್ರೊಪೆಲರ್, ಎಂಜಿನ್ ಮೂರೂ ಸೊರಗುತ್ತವೆ. ನೆಲದ ಮೇಲಿನ ಓಟ ಉದ್ದವಾಗುತ್ತದೆ.

ಓಟ ಕುಗ್ಗಿಸಲು ಬೇರೆ ದಾರಿಗಳೂ ಉಂಟು: ರೆಕ್ಕೆಯ ಹಿಂಬದಿಗೆ ಫ್ಲಾಪ್, ಮುಂಬದಿಗೆ ಸ್ಲಾಟ್, ಟೇಕಾಫ್‌ಗೆ ಹೊಂದುವ ಪ್ರೊಪೆಲರ್. ನೆಲ ಬಿಡಲು ಬೇಕಾದ ವೇಗ ಶೇ 10ರಷ್ಟು ಇಳಿದರೆ ಓಟ ಹೆಚ್ಚುಕಡಿಮೆ ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಅಗ್ಗದ ಮಾರ್ಪಾಡು ಭಾರ ಇಳಿಸುವುದು.