ಹಲ್ಲು ಹೇಳದ ವಯಸ್ಸು

ಮಾಗಡಿ ರಂಗನಾಥನ ಜಾತ್ರೇಲಿ ನಮ್ಮ ತಾತ ಹಳ್ಳಿಕಾರ್ ಹೋರಿಯ ತುಟಿ ಎತ್ತಿ ವಯಸ್ಸು ಹೇಳ್ತಿದ್ರು. ಎರಡು ಹಲ್ಲು ಅಂದ್ರೆ ಎರಡೂವರೆ ವರ್ಷದ ಆಸುಪಾಸು. ಎಂಟೂ ಬಂದು ಬಾಯಿಗೂಡಿದರೆ 5ರ ಹತ್ತಿರ. ಆಮೇಲೆ ಹಲ್ಲು ಸವೆಯುತ್ತೆ, ಲೆಕ್ಕ ಬರೀ ಅಂದಾಜು.

ಆದರೆ 1964ರ ಕಾನೂನು, ಎತ್ತು, ಎಮ್ಮೆ, ಕೋಣ ಕಡಿಯಬೇಕಾದರೆ 12 ವರ್ಷ ದಾಟಿರಬೇಕು, ಇಲ್ಲವೇ ಉಳುಮೆಗೆ, ತಳಿಗೆ, ಹಾಲಿಗೆ ಶಾಶ್ವತವಾಗಿ ಬಾರದಂತಾಗಿರಬೇಕು ಎಂದಿತು. ಅದಕ್ಕೊಂದು ಸರ್ಟಿಫಿಕೇಟು. 2021ರಲ್ಲಿ ಜಾರಿಯಾದ ಹೊಸ ಕಾನೂನಲ್ಲಿ ಮಾಂಸಕ್ಕೆ 13 ದಾಟಿದ ಎಮ್ಮೆ, ಕೋಣ ಮಾತ್ರ. ಎತ್ತು ಯಾವ ವಯಸ್ಸಿಗೂ ಇಲ್ಲ.

12ಕ್ಕೂ 13ಕ್ಕೂ ಇರುವ ವ್ಯತ್ಯಾಸವನ್ನ ಯಾವ ಹಲ್ಲೂ ಹೇಳಲ್ಲ. ಆದರೂ ಮುದಿ ಎತ್ತಿನ ಬೆಲೆ ಆ ಒಂದು ಚೀಟಿ ಮೇಲೆ ನಿಂತಿತ್ತು. ಈಗ ಚೀಟಿಯೂ ಇಲ್ಲ. ಎತ್ತು ಕೊಟ್ಟಿಗೇಲೇ ಇದೆ, ಮೇವಿನ ಖರ್ಚು ರೈತನ ತಲೆ ಮೇಲೆ.